ಪ್ರೋಗ್ರೆಸಿವ್ ಕನ್ನಡಕಕ್ಕೆ ಹೊಂದಿಕೊಳ್ಳುವ ಕ್ರಮ: ಮಲೆನಾಡಿನ ಏರುತಗ್ಗಿನಲ್ಲಿ ನಡೆಯುವವರಿಗೆ

ನಲವತ್ತು ದಾಟಿದ ಮೇಲೆ ಪತ್ರಿಕೆಯ ಅಕ್ಷರ ಓದಲು ಕೈಯನ್ನು ದೂರಕ್ಕೆ ಚಾಚಬೇಕಾಗಿ ಬರುವುದು ಕಾಯಿಲೆಯಲ್ಲ. ಹತ್ತಿರದ್ದನ್ನು ನೋಡುವಾಗ ಕಣ್ಣೊಳಗಿನ ಮಸೂರ ಉಬ್ಬಿಕೊಳ್ಳಬೇಕು. ವಯಸ್ಸಾದಂತೆ ಅದು ಗಡುಸಾಗಿ, ಉಬ್ಬುವ ಶಕ್ತಿಯನ್ನು ಕಳೆದುಕೊಳ್ಳುತ್ತಾ ಹೋಗುತ್ತದೆ. ಚಾಳೀಸು ಬಂತು ಎಂದು ನಮ್ಮಲ್ಲಿ ಹೇಳುವುದು ಇದನ್ನೇ. ದೂರಕ್ಕೂ ಕನ್ನಡಕ ಬೇಕಾದವರಿಗೆ ಆಗ ಮೂರು ದಾರಿಗಳಿರುತ್ತವೆ: ದೂರಕ್ಕೊಂದು, ಓದಲಿಕ್ಕೊಂದು ಎಂದು ಎರಡು ಕನ್ನಡಕ ಇಟ್ಟುಕೊಳ್ಳುವುದು, ಮೇಲೆ ದೂರದ, ಕೆಳಗೆ ಓದುವ ಪವರ್ ಇದ್ದು ನಡುವೆ ಗೆರೆಯುಳ್ಳ ಬೈಫೋಕಲ್ ಹಾಕುವುದು, ಇಲ್ಲವೇ ಗೆರೆಯಿಲ್ಲದ ಪ್ರೋಗ್ರೆಸಿವ್ ಲೆನ್ಸಿಗೆ ಹೋಗುವುದು. ಈ ಬರಹ ಮೂರನೆಯ ದಾರಿಯನ್ನು ಆರಿಸಿದವರಿಗಾಗಿ, ಅವರಲ್ಲಿಯೂ ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮೆಟ್ಟಿಲು, ದರೆ, ತೋಟ, ಘಾಟಿಗಳ ನಡುವೆ ದಿನ ಕಳೆಯುವವರಿಗಾಗಿ ಬರೆದದ್ದು. ಸಮತಟ್ಟಾದ ಬೀದಿಯಲ್ಲಿ ಓಡಾಡುವವರಿಗೆ ನಾಲ್ಕು ದಿನದ ಕಿರಿಕಿರಿ ಎನಿಸುವ ಸಂಗತಿ, ಪಾಚಿ ಕಟ್ಟಿದ ಕಲ್ಲಿನ ಮೇಲೆ ಕಾಲಿಡುವವರಿಗೆ ಬೀಳುವ ಅಪಾಯವಾಗುತ್ತದೆ. ಆದ್ದರಿಂದ ಕನ್ನಡಕದ ಪೆಟ್ಟಿಗೆಯೊಂದಿಗೆ ಬರುವ ಸಾಮಾನ್ಯ ಸೂಚನೆಗಳು ನಮಗೆ ಸಾಲುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಕನ್ನಡಕಕ್ಕೆ ಹೊಂದಿಕೊಳ್ಳುವುದೆಂದರೆ ಬಹುಮಟ್ಟಿಗೆ ಕುತ್ತಿಗೆಗೆ ಹೊಸ ಅಭ್ಯಾಸ ಮಾಡಿಸುವುದು. ಇದುವರೆಗೆ ಕಣ್ಣನ್ನಷ್ಟೇ ಹೊರಳಿಸಿ ನೋಡುತ್ತಿದ್ದುದನ್ನು ಇನ್ನು ಮುಂದೆ ಮುಖವನ್ನೇ ತಿರುಗಿಸಿ ನೋಡಬೇಕು; ಕಣ್ಣನ್ನಷ್ಟೇ ಇಳಿಸಿ ನೋಡುತ್ತಿದ್ದ ನೆಲವನ್ನು ಗಲ್ಲ ಇಳಿಸಿ ನೋಡಬೇಕು. ಮುಂದೆ ಹೇಳುವುದೆಲ್ಲ ಈ ಎರಡು ಚಲನೆಗಳ ಸುತ್ತಲೇ ಇದೆ.

ಲೆನ್ಸಿನೊಳಗಿನ ಏರ್ಪಾಡು

ಲೆನ್ಸಿನ ಮೇಲ್ಭಾಗದಲ್ಲಿ ದೂರದ ಪವರ್ ಇರುತ್ತದೆ. ಪಾಪೆಯ ಎದುರಿನಿಂದ ಕೆಳಕ್ಕೆ ಬರುತ್ತಾ ಪವರ್ ಸ್ವಲ್ಪಸ್ವಲ್ಪವಾಗಿ ಏರಿ, ಲೆನ್ಸಿನ ವಿನ್ಯಾಸಕ್ಕೆ ತಕ್ಕಂತೆ ಸುಮಾರು 11ರಿಂದ 18 ಮಿಲಿಮೀಟರ್ ಇಳಿಯುವಷ್ಟರಲ್ಲಿ ಓದುವ ಪವರನ್ನು ಮುಟ್ಟುತ್ತದೆ. ಡಾಕ್ಟರರ ಚೀಟಿಯಲ್ಲಿ ‘ಆಡ್’ ಎಂದು ಬರೆದಿರುವುದು ಈ ಏರಿಕೆಯ ಪ್ರಮಾಣ. ನಲವತ್ತೈದರ ಆಸುಪಾಸಿನಲ್ಲಿ ಅದು +1.00 ಅಥವಾ +1.25 ಇದ್ದು, ಅರವತ್ತರ ವೇಳೆಗೆ ಸಾಮಾನ್ಯವಾಗಿ +2.50ರ ಹತ್ತಿರ ಬಂದು ನಿಲ್ಲುತ್ತದೆ. ಎರಡು ಪವರನ್ನು ಒಂದೇ ಚೌಕಟ್ಟಿನಲ್ಲಿ ಕೂಡಿಸುವ ಬೈಫೋಕಲ್ಲು ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಅವರ ಕಾಲದ್ದು, ಅಂದರೆ ಹದಿನೆಂಟನೆಯ ಶತಮಾನದ ಕೊನೆಯ ಭಾಗದ್ದು. ಗೆರೆಯಿಲ್ಲದೆ ಪವರ್ ಏರಿಸುವ ಆಲೋಚನೆಗೆ ಬ್ರಿಟನ್ನಿನ ಓವೆನ್ ಏವ್ಸ್ 1907ರಲ್ಲಿಯೇ ಪೇಟೆಂಟ್ ಕೋರಿದರೂ, ಜನಬಳಕೆಗೆ ಒಗ್ಗುವ ಲೆನ್ಸನ್ನು ಫ್ರಾನ್ಸಿನ ಬರ್ನಾರ್ಡ್ ಮೆತೆನಾಜ್ ರೂಪಿಸಿ, ಅದು ವ್ಯಾರಿಲಕ್ಸ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದದ್ದು 1959ರಲ್ಲಿ.

ಗೆರೆ ಹೋಯಿತು, ಆದರೆ ಅದಕ್ಕೆ ತೆರಬೇಕಾದ ಬೆಲೆ ಉಳಿಯಿತು. ಮೇಲಿಂದ ಕೆಳಕ್ಕೆ ಪವರ್ ಏರುತ್ತಾ ಹೋದರೆ ಆ ದಾರಿಯ ಎರಡೂ ಪಕ್ಕಗಳಲ್ಲಿ ನೋಟ ಕದಡಲೇಬೇಕೆಂಬುದನ್ನು ಜರ್ಮನಿಯ ಗಣಿತಜ್ಞ ಗುಂಟರ್ ಮಿಂಕ್ವಿಟ್ಜ್ 1963ರಲ್ಲಿ ತೋರಿಸಿದರು: ಪವರ್ ಎಷ್ಟು ವೇಗದಲ್ಲಿ ಏರುತ್ತದೆಯೋ ಅದರ ಎರಡರಷ್ಟು ವೇಗದಲ್ಲಿ ಪಕ್ಕದ ಕದಡು ಹೆಚ್ಚುತ್ತದೆ. ಎಷ್ಟೇ ದುಬಾರಿಯ ಲೆನ್ಸ್ ಆದರೂ ಈ ಲೆಕ್ಕದಿಂದ ತಪ್ಪಿಸಿಕೊಳ್ಳಲಾರದು. ಒಳ್ಳೆಯ ವಿನ್ಯಾಸವು ಕದಡನ್ನು ಕಡಿಮೆ ತೊಂದರೆ ಕೊಡುವ ಮೂಲೆಗೆ ಸರಿಸಬಲ್ಲದು, ಅಷ್ಟೇ. ಹಳ್ಳದ ಎರಡು ದಡಗಳನ್ನು ಕೂಡಿಸುವ ಸಂಕದಂತೆ ಈ ನಡುವಿನ ದಾರಿ ಕಿರಿದಾದದ್ದು; ಅದರ ಮೇಲೆ ನೇರವಾಗಿದ್ದರೆ ಕಂಪ್ಯೂಟರಿನ ಪರದೆ, ಅಡುಗೆಯ ಕಟ್ಟೆ, ಎದುರಿಗೆ ಕುಳಿತವರ ಮುಖ ಎಲ್ಲವೂ ನಿಚ್ಚಳ, ಪಕ್ಕಕ್ಕೆ ಸರಿದರೆ ಮಬ್ಬು. ಆಡ್ ಹೆಚ್ಚಾದಷ್ಟೂ, ದಾರಿ ಗಿಡ್ಡವಾದಷ್ಟೂ ಸಂಕ ಇಕ್ಕಟ್ಟಾಗುತ್ತದೆ. ಇದರಿಂದ ಎರಡು ಸಂಗತಿಗಳು ಹೊರಡುತ್ತವೆ. ಒಂದು, ಚಾಳೀಸಿನ ಆರಂಭದಲ್ಲಿಯೇ, ಆಡ್ ಕಡಿಮೆ ಇರುವಾಗಲೇ ಈ ಕನ್ನಡಕ ಹಾಕಿಕೊಂಡವರಿಗೆ ಅಭ್ಯಾಸ ಸುಲಭ. ಐವತ್ತೆಂಟರಲ್ಲಿ ಮೊದಲ ಸಲ ಹಾಕಿಕೊಳ್ಳುವವರು ಹೆಚ್ಚು ತಾಳ್ಮೆ ಇಟ್ಟುಕೊಳ್ಳಬೇಕು. ಇನ್ನೊಂದು, ಚಂದಕ್ಕೆಂದು ತೀರಾ ಕಿರಿದಾದ ಫ್ರೇಮ್ ಆರಿಸಬಾರದು.

ಅಂಗಡಿಯಲ್ಲಿ ಅವಸರ ಬೇಡ

ಹೊಂದಿಕೆಯಾಗದ ಕನ್ನಡಕಗಳಲ್ಲಿ ಎಷ್ಟೋ ಕೆಡುವುದು ಅಳತೆ ತೆಗೆದುಕೊಳ್ಳುವ ಹೊತ್ತಿನಲ್ಲಿಯೇ. ಹೊಸನಗರದಿಂದಲೋ ಆಗುಂಬೆಯಿಂದಲೋ ಶಿವಮೊಗ್ಗಕ್ಕೆ ಬಂದು, ಬೆಳಿಗ್ಗೆ ಕಣ್ಣಾಸ್ಪತ್ರೆ ಮುಗಿಸಿ, ಮಧ್ಯಾಹ್ನ ದುರ್ಗಿಗುಡಿಯಲ್ಲಿಯೋ ನೆಹರೂ ರಸ್ತೆಯಲ್ಲಿಯೋ ಫ್ರೇಮ್ ಆರಿಸಿ, ಸಂಜೆಯ ಬಸ್ಸು ಹಿಡಿಯುವ ಲೆಕ್ಕದಲ್ಲಿ ಹೊರಟವರು ಕೊನೆಯ ಅರ್ಧ ಗಂಟೆಯನ್ನು ಕಡಿತಗೊಳಿಸುತ್ತಾರೆ. ಅಳತೆಗೆ ಬೇಕಾಗುವುದು ಆ ಅರ್ಧ ಗಂಟೆಯೇ. ಪಾಪೆ ಹಿಗ್ಗಿಸುವ ಔಷಧಿಯನ್ನು ಕಣ್ಣಿಗೆ ಹಾಕಿದ್ದರೆ ಅದೇ ದಿನ ಹತ್ತಿರದ ಪವರನ್ನು ಗೊತ್ತುಮಾಡಿಸಬೇಡಿ. ಸಕ್ಕರೆ ಕಾಯಿಲೆ ಇರುವವರು ರಕ್ತದ ಸಕ್ಕರೆ ತೀರಾ ಏರುಪೇರಾಗಿರುವ ವಾರದಲ್ಲಿ ಪವರ್ ಪರೀಕ್ಷೆ ಮಾಡಿಸಬೇಡಿ, ಏಕೆಂದರೆ ಸಕ್ಕರೆಯೊಡನೆ ಕಣ್ಣಿನ ಪವರೂ ಬದಲಾಗುತ್ತದೆ. ಅದು ಹತೋಟಿಗೆ ಬಂದು ಸ್ಥಿರವಾದ ಮೇಲೆ ಕನ್ನಡಕ ಮಾಡಿಸುವುದು ಸರಿ.

ಫ್ರೇಮಿನ ಲೆನ್ಸ್ ಕೂರುವ ಭಾಗ ಮೇಲಿಂದ ಕೆಳಕ್ಕೆ ಸುಮಾರು 30 ಮಿಲಿಮೀಟರ್ ಇದ್ದರೆ ದೂರ, ನಡು, ಹತ್ತಿರ ಈ ಮೂರೂ ನೋಟಗಳಿಗೆ ಜಾಗ ಸಿಗುತ್ತದೆ. ಓದುವ ಭಾಗವು ಮೂಗಿನ ಕಡೆಗೆ ತುಸು ಸರಿದಿರುವುದರಿಂದ, ಮೂಗಿನ ಪಕ್ಕದ ಕೆಳಮೂಲೆಯನ್ನು ಓರೆಯಾಗಿ ಕತ್ತರಿಸಿದ ಆಕಾರದ ಫ್ರೇಮುಗಳು ಬೇಡ. ಮೂಗಿನ ಮೇಲೆ ಕೂರುವ ಪ್ಯಾಡುಗಳನ್ನು ಬಾಗಿಸಲು ಬರುವಂಥ ಲೋಹದ ಫ್ರೇಮನ್ನು ನಾನು ಒತ್ತಿ ಶಿಫಾರಸು ಮಾಡುತ್ತೇನೆ. ಮುಂದೆ ಕನ್ನಡಕವನ್ನು ಒಂದೆರಡು ಮಿಲಿಮೀಟರ್ ಏರಿಸಬೇಕಾಗಿಯೋ ಇಳಿಸಬೇಕಾಗಿಯೋ ಬಂದಾಗ ಅದು ದುಡ್ಡಿಗಿಂತ ಹೆಚ್ಚು ಉಪಕಾರ ಮಾಡುತ್ತದೆ.

ಆರಿಸಿದ ಫ್ರೇಮನ್ನು ಮೊದಲು ನಿಮ್ಮ ಮುಖಕ್ಕೆ ಸರಿಹೊಂದಿಸಿ, ಕಡ್ಡಿಗಳನ್ನು ಕಿವಿಯ ಹಿಂದೆ ಬಾಗಿಸಿ, ಜಾರದಂತೆ ಮಾಡಿದ ನಂತರವೇ ಅಳತೆ ತೆಗೆಯಬೇಕು. ಅಳೆಯುವವರ ಕಣ್ಣು ನಿಮ್ಮ ಕಣ್ಣಿನ ಮಟ್ಟದಲ್ಲಿಯೇ ಇರಬೇಕು. ಮೂಗಿನ ನಡುವಿನಿಂದ ಬಲಪಾಪೆಗೆ ಎಷ್ಟು, ಎಡಪಾಪೆಗೆ ಎಷ್ಟು ಎಂದು ಬೇರೆಬೇರೆಯಾಗಿ ಬರೆದುಕೊಳ್ಳಬೇಕು, ಏಕೆಂದರೆ ಹಲವರ ಮುಖದಲ್ಲಿ ಇವೆರಡೂ ಸಮವಾಗಿರುವುದಿಲ್ಲ. ಫ್ರೇಮಿನ ಕೆಳ ಅಂಚಿನಿಂದ ಪಾಪೆಯ ನಡುವಿನವರೆಗಿನ ಎತ್ತರವನ್ನೂ ಪ್ರತಿ ಕಣ್ಣಿಗೆ ಅಳೆಯಬೇಕು. ಆಗ ನೀವು ಮೈ ಬಿಗಿಹಿಡಿದು, ಗಲ್ಲ ಎತ್ತಿ, ಫೋಟೋಕ್ಕೆ ಕುಳಿತಂತೆ ಕೂರಬಾರದು. ದಿನವೂ ನಿಲ್ಲುವ ಹಾಗೆ ನಿಂತು ಎದುರಿನ ಗೋಡೆಯಾಚೆಗೆ ನೋಡಬೇಕು. ಕುತ್ತಿಗೆ ಸ್ವಲ್ಪ ಬಾಗಿರುವುದು ನಿಮ್ಮ ರೂಢಿಯಾದರೆ ಹಾಗೆಯೇ ಇರಲಿ.

ಕನ್ನಡಕ ಸಿದ್ಧವಾಗಿ ಬಂದಾಗ ಲೆನ್ಸಿನ ಮೇಲೆ ಬಣ್ಣದ ಶಾಯಿಯ ಗುರುತುಗಳಿರುತ್ತವೆ. ಅವುಗಳನ್ನು ಒರೆಸುವ ಮೊದಲೇ ಹಾಕಿಕೊಂಡು ನೋಡುವುದಾಗಿ ಹೇಳಿ. ಕೂಡುಗುರುತಿನಂಥ ಚಿಹ್ನೆ ಎರಡೂ ಕಣ್ಣುಗಳಲ್ಲಿ ಪಾಪೆಯ ನಡುಮಧ್ಯಕ್ಕೆ ಬಂದಿದೆಯೇ ಎಂದು ಅಂಗಡಿಯವರೂ ಜೊತೆಗೆ ಬಂದವರೂ ನೋಡಲಿ. ಬಂದಿಲ್ಲವಾದರೆ ಒರೆಸಿ ಮನೆಗೆ ಒಯ್ಯುವುದರಲ್ಲಿ ಅರ್ಥವಿಲ್ಲ. ಶಾಯಿ ಅಳಿಸಿದ ಮೇಲೆಯೂ ಪ್ರತಿ ಲೆನ್ಸಿನಲ್ಲಿ 34 ಮಿಲಿಮೀಟರ್ ಅಂತರದಲ್ಲಿ ಎರಡು ಸೂಕ್ಷ್ಮ ಕೆತ್ತನೆಗಳು ಉಳಿದಿರುತ್ತವೆ. ಬೆಳಕಿಗೆ ಓರೆಯಾಗಿ ಹಿಡಿದರೆ ಕಾಣುವ ಅವುಗಳ ಆಧಾರದಿಂದ ಯಾವ ಅಂಗಡಿಯವರಾದರೂ ಗುರುತುಗಳನ್ನು ಮತ್ತೆ ಹಾಕಿ ಪರೀಕ್ಷಿಸಬಹುದು. ಹೊಂದಿಕೆಯಾಗದಿದ್ದರೆ ಲೆನ್ಸ್ ಬದಲಿಸಿಕೊಡುವ ಭರವಸೆಯನ್ನು ಹಲವು ತಯಾರಕರು ಕೊಡುತ್ತಾರೆ. ಅದರ ಅವಧಿ ಎಷ್ಟು, ಷರತ್ತು ಏನು ಎಂಬುದನ್ನು ಹಣ ಕೊಡುವ ಮೊದಲೇ ಕೇಳಿ ರಶೀದಿಯಲ್ಲಿ ಬರೆಸಿಕೊಳ್ಳಿ. ಅಳತೆಗಳ ಚೀಟಿಯನ್ನೂ ಕೇಳಿ ಪಡೆಯಿರಿ.

ಮೊದಲ ದಿನಗಳು

ಹೊಸ ಕನ್ನಡಕ ಹಾಕಿಕೊಂಡೇ ಬೈಕ್ ಏರಿ ಊರಿಗೆ ಹೊರಡಬೇಡಿ. ಹಳೆಯದನ್ನು ಹಾಕಿಕೊಂಡು ಮನೆ ತಲುಪಿ, ಮರುದಿನ ಬೆಳಿಗ್ಗೆ ಎದ್ದೊಡನೆ ಹೊಸದನ್ನು ಹಾಕಿ ಅಲ್ಲಿಂದ ಅಭ್ಯಾಸವನ್ನು ಆರಂಭಿಸಿ. ಆ ನಂತರ ಹಳೆಯದಕ್ಕೂ ಹೊಸದಕ್ಕೂ ಗಳಿಗೆಗೊಮ್ಮೆ ಬದಲಾಯಿಸುತ್ತಿರಬಾರದು. ಇದಕ್ಕೆ ಕಾರಣವಿದೆ. ನಾವು ತಲೆ ತಿರುಗಿಸಿದಾಗ ಒಳಕಿವಿಯ ಸಮತೋಲನದ ಅಂಗ ಆ ಚಲನೆಯನ್ನು ಗ್ರಹಿಸಿ, ಕಣ್ಣನ್ನು ಅಷ್ಟೇ ಪ್ರಮಾಣದಲ್ಲಿ ವಿರುದ್ಧ ದಿಕ್ಕಿಗೆ ಹೊರಳಿಸುತ್ತದೆ. ಲೋಕ ನಿಂತಲ್ಲೇ ನಿಂತಂತೆ ಕಾಣುವುದು ಇದರಿಂದಲೇ. ಹೊಸ ಲೆನ್ಸಿನಲ್ಲಿ ಒಂದೊಂದು ಭಾಗ ವಸ್ತುವನ್ನು ಒಂದೊಂದು ಪ್ರಮಾಣದಲ್ಲಿ ದೊಡ್ಡದು ಮಾಡಿ ತೋರಿಸುವುದರಿಂದ ಆ ಹಳೆಯ ಲೆಕ್ಕ ತಪ್ಪುತ್ತದೆ, ಬಾಗಿಲ ಚೌಕಟ್ಟು ಬಾಗಿದಂತೆಯೂ ನೆಲ ತೇಲಿದಂತೆಯೂ ಅನಿಸುತ್ತದೆ. ಮಿದುಳು ಹೊಸ ಲೆಕ್ಕವನ್ನು ಕಲಿಯುತ್ತದೆ, ಆದರೆ ಎಡೆಬಿಡದೆ ಒಂದೇ ಕನ್ನಡಕ ಹಾಕಿದ್ದರೆ ಮಾತ್ರ ಬೇಗ ಕಲಿಯುತ್ತದೆ. ಕೆಲವರಿಗೆ ಎರಡು ಮೂರು ದಿನ ಸಾಕಾಗುತ್ತದೆ, ಹಲವರಿಗೆ ಎರಡು ವಾರ ಬೇಕಾಗುತ್ತದೆ. ಈ ಅವಧಿಯಲ್ಲಿ ಸಣ್ಣಗೆ ತಲೆನೋವು, ತಲೆ ಭಾರವಾಗುವುದು, ಸ್ವಲ್ಪ ವಾಕರಿಕೆ ಬರುವುದು ಅಸಹಜವಲ್ಲ. ಹಾಗಾದಾಗ ಕಣ್ಣು ಮುಚ್ಚಿ ಹತ್ತು ನಿಮಿಷ ಕುಳಿತುಕೊಳ್ಳಿ, ಆದರೆ ಹಳೆಯ ಕನ್ನಡಕಕ್ಕೆ ಕೈ ಹಾಕಬೇಡಿ.

ಅಭ್ಯಾಸವನ್ನು ಕುಳಿತಲ್ಲಿಂದ ಆರಂಭಿಸುವುದು ಒಳ್ಳೆಯದು. ಜಗಲಿಯಲ್ಲಿ ಕುಳಿತು ಅಂಗಳದಾಚೆಯ ಒಂದು ಮರವನ್ನು ನೋಡಿ, ನಂತರ ಗೋಡೆಯ ಮೇಲಿನ ಕ್ಯಾಲೆಂಡರನ್ನು ನೋಡಿ, ನಂತರ ಕೈಯಲ್ಲಿರುವ ಪತ್ರಿಕೆಯನ್ನು ನೋಡಿ. ಪ್ರತಿ ಸಲವೂ ಮೂಗು ಆ ವಸ್ತುವಿನ ಕಡೆಗೆ ತಿರುಗಿರಲಿ. ಓದುವಾಗ ಮಾತ್ರ ಮುಖವನ್ನು ಹೆಚ್ಚು ಬಾಗಿಸದೆ ಕಣ್ಣನ್ನು ಇಳಿಸಿ. ಪತ್ರಿಕೆಯನ್ನು ಎದೆಯ ಮಟ್ಟದಲ್ಲಿ, ಸುಮಾರು 40 ಸೆಂಟಿಮೀಟರ್ ದೂರದಲ್ಲಿ, ದೇಹದ ನಡುವಿಗೆ ನೇರವಾಗಿ ಹಿಡಿಯಬೇಕು. ಇಡೀ ಪುಟದ ಅಗಲ ಒಂದೇ ನೋಟಕ್ಕೆ ಸಿಗುವುದಿಲ್ಲ. ಒಂದು ಅಂಕಣದಿಂದ ಇನ್ನೊಂದಕ್ಕೆ ಹೋಗುವಾಗ ತಲೆ ತುಸು ತಿರುಗಬೇಕು, ಇಲ್ಲವೇ ಪತ್ರಿಕೆಯನ್ನೇ ಸರಿಸಬೇಕು. ಮಲಗಿಕೊಂಡು ಓದುವುದು ಈ ಕನ್ನಡಕಕ್ಕೆ ಒಗ್ಗದು. ತಲೆದಿಂಬಿನ ಮೇಲೆ ತಲೆಯಿಟ್ಟಾಗ ಪುಸ್ತಕವು ಲೆನ್ಸಿನ ದೂರದ ಭಾಗದ ಎದುರಿಗೆ ಬಂದುಬಿಡುತ್ತದೆ. ಆ ರೂಢಿ ಇರುವವರು ಓದುವ ಪವರಿನ ಸಾದಾ ಕನ್ನಡಕವೊಂದನ್ನು ಹಾಸಿಗೆಯ ಪಕ್ಕ ಇಟ್ಟುಕೊಳ್ಳಲಿ. ಕಣ್ಣಿನ ಮಟ್ಟಕ್ಕಿಂತ ಮೇಲಿದ್ದು ಹತ್ತಿರದಲ್ಲಿರುವ ವಸ್ತುಗಳು, ಅಂದರೆ ಕರೆಂಟ್ ಮೀಟರ್, ಅಂಗಡಿಯ ಮೇಲಿನ ಹಲಗೆಯಲ್ಲಿರುವ ಡಬ್ಬಿಯ ಚೀಟಿ ಇಂಥವು, ಗಲ್ಲ ಎತ್ತಿದರೆ ಮಾತ್ರ ಸ್ಪಷ್ಟವಾಗುತ್ತವೆ.

ಮಳೆಗಾಲದ ಮಲೆನಾಡಿನ ಮನೆಗಳಲ್ಲಿ ಹಗಲಿನಲ್ಲಿಯೂ ಕತ್ತಲೆ. ಬೆಳಕು ಕಡಿಮೆಯಾದಾಗ ಪಾಪೆ ಹಿಗ್ಗಿ, ಸ್ಪಷ್ಟವಾಗಿ ಕಾಣುವ ದೂರದ ವ್ಯಾಪ್ತಿ ಕುಗ್ಗುತ್ತದೆ. ಹೊಸ ಕನ್ನಡಕದ ತಪ್ಪೆಂದು ಭಾವಿಸುವ ಎಷ್ಟೋ ಮಬ್ಬು ವಾಸ್ತವದಲ್ಲಿ ಬೆಳಕಿನ ಕೊರತೆ. ಓದುವ ಜಾಗಕ್ಕೆ, ಅಡುಗೆಯ ಕಟ್ಟೆಗೆ, ಅಡಿಕೆ ಆರಿಸುವ ಕಡೆಗೆ ಹೆಗಲ ಹಿಂದಿನಿಂದ ಬೀಳುವಂತೆ ಒಂದು ದೀಪ ಹಾಕಿಸಿ. ಸಾಧ್ಯವಿದ್ದರೆ ಜೂನ್, ಜುಲೈ ತಿಂಗಳುಗಳನ್ನು ಬಿಟ್ಟು, ನೆಲ ಒಣಗಿರುವ, ಹಗಲು ಬೆಳಕಿರುವ ತಿಂಗಳಲ್ಲಿ ಈ ಅಭ್ಯಾಸವನ್ನು ಆರಂಭಿಸುವುದು ನಮ್ಮ ಸೀಮೆಗೆ ಲೇಸು.

ಕಂಪ್ಯೂಟರಿನ ಮುಂದೆ ಒಂದೆರಡು ಗಂಟೆ ಕೂರುವವರು ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕಿಂತ ಕೆಳಗೆ ಬರುವಂತೆ ಇಳಿಸಿಕೊಂಡರೆ ಸಾಕು. ಬ್ಯಾಂಕು, ಸೊಸೈಟಿ, ಕಚೇರಿಗಳಲ್ಲಿ ದಿನವಿಡೀ ಪರದೆ ನೋಡುವವರಿಗೆ ಈ ಲೆನ್ಸಿನ ನಡುದಾರಿ ತೀರಾ ಇಕ್ಕಟ್ಟು. ಗಲ್ಲ ಎತ್ತಿ ಎತ್ತಿ ಕುತ್ತಿಗೆ ನೋವು ಬರುತ್ತದೆ. ಅವರು ಕಚೇರಿ ಕೆಲಸಕ್ಕೆಂದೇ ಬರುವ, ನಡುವಿನ ದೂರಕ್ಕೆ ಅಗಲವಾದ ಜಾಗ ಕೊಡುವ ಲೆನ್ಸನ್ನು ಬೇರೆಯಾಗಿ ಮಾಡಿಸಿಕೊಳ್ಳುವುದು ಸರಿ.

ಮೆಟ್ಟಿಲು, ಸಂಕ, ತೋಟ

ಈ ಬರಹದಲ್ಲಿ ಬೇರೆಲ್ಲ ಮರೆತರೂ ಈ ಭಾಗ ನೆನಪಿರಲಿ ಎಂಬುದು ನನ್ನ ಆಸೆ. ಸ್ಪಷ್ಟವಾಗಿ ಕಾಣುವ ದೂರವನ್ನು ಆಡ್‌ನಿಂದ ಲೆಕ್ಕ ಹಾಕಬಹುದು: ಒಂದನ್ನು ಆಡ್‌ನಿಂದ ಭಾಗಿಸಿದರೆ ಬರುವ ಮೀಟರುಗಳಾಚೆಗೆ ಇರುವುದೆಲ್ಲ ಲೆನ್ಸಿನ ಕೆಳಭಾಗದಲ್ಲಿ ಮಸುಕು. +2.00 ಆಡ್ ಇದ್ದವರಿಗೆ ಅದು 50 ಸೆಂಟಿಮೀಟರ್, +2.50 ಇದ್ದವರಿಗೆ 40 ಸೆಂಟಿಮೀಟರ್. ನಿಂತಿರುವವರ ಕಣ್ಣಿನಿಂದ ಪಾದಕ್ಕೆ ಇರುವ ದೂರ ಸುಮಾರು ಒಂದೂವರೆ ಮೀಟರ್. ಹಾಗಾಗಿ ಕಣ್ಣನ್ನಷ್ಟೇ ಇಳಿಸಿ ಮೆಟ್ಟಿಲನ್ನು ನೋಡಿದಾಗ ಅದರ ಅಂಚು ಮಬ್ಬಾಗಿ, ಇರುವುದಕ್ಕಿಂತ ದೊಡ್ಡದಾಗಿ, ಹತ್ತಿರಕ್ಕೆ ಬಂದಂತೆ ಕಾಣುತ್ತದೆ. ಕಾಲು ತಪ್ಪುವುದು ಹೀಗೆ. ಇದು ಬರಿಯ ಊಹೆಯಲ್ಲ. ಆಸ್ಟ್ರೇಲಿಯಾದ ಸ್ಟೀಫನ್ ಲಾರ್ಡ್ ಮತ್ತು ಸಂಗಡಿಗರು ವಯಸ್ಸಾದವರ ಮೇಲೆ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೈಫೋಕಲ್ ಮತ್ತು ಪ್ರೋಗ್ರೆಸಿವ್ ಹಾಕುವವರಿಗೆ ಅಂಚುಗಳನ್ನೂ ಆಳವನ್ನೂ ಗುರುತಿಸುವುದು ಕಷ್ಟವಾಗಿ, ಬೀಳುವ ಸಂಭವ ಹೆಚ್ಚಿದ್ದದ್ದು ಕಂಡುಬಂದಿತು.

ಪರಿಹಾರ ಸರಳ: ಇಳಿಯುವ ಮೊದಲು ಗಲ್ಲವನ್ನು ಎದೆಯ ಕಡೆಗೆ ಇಳಿಸಿ, ಲೆನ್ಸಿನ ಮೇಲ್ಭಾಗದಿಂದ ಮೆಟ್ಟಿಲನ್ನು ನೋಡಿ. ಹಳೆಯ ಮನೆಗಳ ಗಿಡ್ಡ ಬಾಗಿಲುಗಳಲ್ಲಿ ತಲೆ ತಗ್ಗಿಸಿ, ಎತ್ತರದ ಹೊಸ್ತಿಲು ದಾಟುವುದು ನಮ್ಮ ಹಿರಿಯರಿಗೆ ರೂಢಿಯಾಗಿತ್ತು. ಈ ಕನ್ನಡಕ ಬೇಡುವುದೂ ಅದೇ ಭಂಗಿಯನ್ನು. ಮೊದಲು ಜಗಲಿಯ ಎರಡು ಮೆಟ್ಟಿಲುಗಳಲ್ಲಿ, ಗೋಡೆಯನ್ನೋ ಕಂಬವನ್ನೋ ಹಿಡಿದು, ಹತ್ತಿ ಇಳಿದು ಅಭ್ಯಾಸ ಮಾಡಿ. ಹತ್ತುವುದು ಸುಲಭ, ಇಳಿಯುವಾಗ ಎಚ್ಚರ ಬೇಕು. ಅಟ್ಟದ ಕಡಿದಾದ ಏಣಿಮೆಟ್ಟಿಲನ್ನು ಆಮೇಲೆ ಹತ್ತಿ, ಇಳಿಯುವಾಗ ಏಣಿಯ ಕಡೆಗೆ ಮುಖ ಮಾಡಿಯೇ ಇಳಿಯಿರಿ. ಕವಲೇದುರ್ಗ ಕೋಟೆಯ ಕಲ್ಲುದಾರಿ, ಜೋಗದಲ್ಲಿ ಗುಂಡಿಗೆ ಇಳಿಯುವ ಸಾವಿರಕ್ಕೂ ಹೆಚ್ಚಿನ ಮೆಟ್ಟಿಲುಗಳು, ಹೊಳೆಯ ದಡದ ಸೋಪಾನಗಳು ಇವೆಲ್ಲ ಒಂದೇ ಎತ್ತರದವಲ್ಲ. ಒಂದು ಮೆಟ್ಟಿಲಿನ ಅಂದಾಜಿನ ಮೇಲೆ ಮುಂದಿನದನ್ನು ತುಳಿಯಲು ಬಾರದು. ಮನೆಯ ಮೆಟ್ಟಿಲಿನಲ್ಲಿ ಗಲ್ಲ ಇಳಿಸುವುದು ಯೋಚನೆಯಿಲ್ಲದೆ ನಡೆಯುವಷ್ಟು ರೂಢಿಯಾಗುವವರೆಗೆ ಅಂಥ ಕಡೆಗೆ ಹೊಸ ಕನ್ನಡಕದಲ್ಲಿ ಹೋಗಬೇಡಿ. ಮನೆಯ ಮೆಟ್ಟಿಲುಗಳ ಅಂಚಿಗೆ ಬಿಳಿಯ ಇಲ್ಲವೇ ಹಳದಿಯ ಬಣ್ಣದ ಪಟ್ಟೆ ಬಳಿದರೆ ಕನ್ನಡಕ ಹಾಕುವವರಿಗಷ್ಟೇ ಅಲ್ಲ, ಮನೆಯಲ್ಲಿರುವ ಎಲ್ಲ ಹಿರಿಯರಿಗೂ ಅನುಕೂಲ.

ಅಡಿಕೆ ತೋಟ ಈ ಲೆನ್ಸಿಗೆ ಕಠಿಣ ಪರೀಕ್ಷೆಯ ಜಾಗ. ಸಾಲುಸಾಲಾಗಿ ನೆಟ್ಟಗೆ ನಿಂತ ಮರಗಳ ನಡುವೆ ತಲೆ ತಿರುಗಿಸಿದಾಗ ಪಕ್ಕದ ಕದಡಿನಲ್ಲಿ ಆ ನೇರ ಗೆರೆಗಳೆಲ್ಲ ಒಟ್ಟಿಗೆ ಬಾಗಿ ಓಲಾಡುತ್ತವೆ. ಮನೆಯೊಳಗೆ ಗಮನಕ್ಕೆ ಬಾರದಿದ್ದ ತೇಲಾಟ ಇಲ್ಲಿ ಎದ್ದು ಕಾಣುತ್ತದೆ. ಮೇಲಿನ ಗೊನೆಯನ್ನೂ ಕಾಲಕೆಳಗಿನ ಬಸಿಗಾಲುವೆಯನ್ನೂ ಒಂದರ ಹಿಂದೊಂದು ನೋಡುತ್ತಾ, ಉದುರಿದ ಸೋಗೆಯ ಮೇಲೆ ಹೆಜ್ಜೆ ಹಾಕಬೇಕು. ಕಾಲುವೆಗೆ ಅಡ್ಡ ಹಾಕಿದ ಮರದ ಸಂಕವಂತೂ ಮಳೆಯಲ್ಲಿ ಜಾರುತ್ತದೆ. ನನ್ನ ಸಲಹೆ ಇಷ್ಟು: ತೋಟಕ್ಕೆ, ಕಾಡಿಗೆ, ಗುಡ್ಡ ಹತ್ತುವುದಕ್ಕೆ ದೂರದ ಪವರ್ ಮಾತ್ರ ಇರುವ ಸಾದಾ ಕನ್ನಡಕವೊಂದನ್ನು ಇಟ್ಟುಕೊಳ್ಳಿ. ಪ್ರೋಗ್ರೆಸಿವ್‌ಗೆ ಇಷ್ಟು ಖರ್ಚು ಮಾಡಿ ಮತ್ತೊಂದು ಕನ್ನಡಕವೇ ಎಂದು ಬೇಸರಪಡಬೇಡಿ. ಆಸ್ಟ್ರೇಲಿಯಾದಲ್ಲಿಯೇ ನಡೆದು 2010ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ, ಬಹುಪವರಿನ ಕನ್ನಡಕ ಹಾಕುವ ಹಿರಿಯರಿಗೆ ಹೊರಗಿನ ಓಡಾಟಕ್ಕೆ ದೂರದ ಕನ್ನಡಕ ಕೊಟ್ಟಾಗ, ಹೊರಗೆ ಹೆಚ್ಚಾಗಿ ಓಡಾಡುವವರಲ್ಲಿ ಬೀಳುವುದು ಕಡಿಮೆಯಾಯಿತು. ಹೊರಗೆ ಹೋಗುವುದೇ ಅಪರೂಪವಾಗಿದ್ದವರಲ್ಲಿ ಮಾತ್ರ ಹೊರಗಡೆ ಬೀಳುವುದು ಹೆಚ್ಚಾಯಿತು. ದಿನವೂ ತೋಟಕ್ಕೆ ಇಳಿಯುವವರು ಎರಡನೆಯ ಕನ್ನಡಕ ಮಾಡಿಸಲಿ, ಮನೆಯಲ್ಲಿಯೇ ಇರುವ ಅಜ್ಜ ಅಜ್ಜಿಯರಿಗೆ ಒಂದೇ ಕನ್ನಡಕ ಇರಲಿ ಎಂದು ಇದರಿಂದ ತಿಳಿಯಬಹುದು. ಮೊದಲ ಎರಡು ವಾರ ಕನ್ನಡಕ ಬದಲಿಸಬೇಡಿ ಎಂದು ಮೇಲೆ ಹೇಳಿದ್ದಕ್ಕೂ ಇದಕ್ಕೂ ವಿರೋಧವಿಲ್ಲ: ಆ ಎರಡು ವಾರ ತೋಟದ ಕೆಲಸವನ್ನು ಬೇರೆಯವರಿಗೆ ವಹಿಸಿ, ಅಭ್ಯಾಸ ಪೂರ್ತಿಯಾದ ಮೇಲೆ ಸಾದಾ ಕನ್ನಡಕವನ್ನು ಬಳಕೆಗೆ ತನ್ನಿ.

ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವವರು ಆರಂಭದ ದಿನಗಳಲ್ಲಿ ಹೊಸ ಕನ್ನಡಕದಲ್ಲಿ ಆ ಕೆಲಸಕ್ಕೆ ಕೂರಬಾರದು, ಏಕೆಂದರೆ ಅಲಗು ಇರುವ ಜಾಗದ ಅಂದಾಜು ತುಸು ತಪ್ಪಿದರೂ ಬೆರಳಿಗೆ ಪೆಟ್ಟು. ಅಡಿಕೆಯನ್ನು ರಾಶಿ, ಬೆಟ್ಟೆ, ಗೊರಬಲು ಎಂಬ ದರ್ಜೆಗಳಾಗಿ ಆರಿಸುವ ಕೆಲಸದಲ್ಲಿ ಅಂಥ ಅಪಾಯವಿಲ್ಲ, ಅದು ಒಳ್ಳೆಯ ಅಭ್ಯಾಸವೂ ಆಗುತ್ತದೆ. ಅಡಿಕೆಯ ಗುಡ್ಡೆಯನ್ನು ಅಗಲವಾಗಿ ಹರಡದೆ ಮುಂದಕ್ಕೆ ತಂದುಕೊಂಡು ಆರಿಸಿ. ಸಾಗರ, ಸೊರಬದ ಕಡೆಯ ಗಂಧದ ಕೆತ್ತನೆಯಂಥ ಸೂಕ್ಷ್ಮ ಕೆಲಸ ಮಾಡುವವರಿಗೆ ಇಡೀ ಲೆನ್ಸ್ ಹತ್ತಿರದ ಪವರಿನದೇ ಇರುವ ಕನ್ನಡಕವೇ ಸರಿ.

ವಾಹನ ಓಡಿಸುವಾಗ

ಮನೆಯಲ್ಲಿಯೂ ಬೀದಿಯಲ್ಲಿಯೂ ನಿರಾಳವಾಗುವವರೆಗೆ ವಾಹನ ಓಡಿಸಬಾರದು. ನಂತರವೂ ಮೊದಲು ಹಗಲು, ಪರಿಚಿತ ರಸ್ತೆ, ನಿಧಾನ. ಪಕ್ಕದ ಕನ್ನಡಿಯನ್ನು ಕಣ್ಣಂಚಿನಿಂದ ನೋಡಿದರೆ ಸಿಗುವುದು ಕದಡಿದ ಭಾಗ. ತಲೆಯನ್ನು ತಿರುಗಿಸಿಯೇ ನೋಡಬೇಕು. ಆಗುಂಬೆ ಘಾಟಿಯ ಹಿಮ್ಮುರಿ ತಿರುವುಗಳಲ್ಲಿ, ಎದುರಿನಿಂದ ಬರುವ ವಾಹನವನ್ನು ತಿರುವಿನಾಚೆ ಹುಡುಕುವಾಗ, ಕಣ್ಣು ಮುಂದೆ ಓಡಿ ಮುಖ ಹಿಂದೆ ಉಳಿಯುವುದು ಎಲ್ಲರಿಗೂ ಇರುವ ಹಳೆಯ ರೂಢಿ. ಮುಖವನ್ನು ತಿರುವಿನ ಒಳಬದಿಗೆ ಮೊದಲೇ ತಿರುಗಿಸಿಕೊಳ್ಳುವುದನ್ನು ರೂಢಿಸಿಕೊಂಡ ಮೇಲೆ ಮಾತ್ರ ಘಾಟಿಗೆ ಇಳಿಯಿರಿ. ಮಂಜು ಕವಿದ ದಿನವಾದರೆ ಇನ್ನಷ್ಟು ದಿನ ತಡೆಯಿರಿ.

ಎರಡು ವಾರವಾದರೂ ಸರಿಹೋಗದಿದ್ದರೆ

‘ಎಲ್ಲರಿಗೂ ಹೀಗೆಯೇ, ಅಭ್ಯಾಸವಾಗುತ್ತದೆ’ ಎಂಬ ಉತ್ತರವನ್ನು ಎರಡು ವಾರದ ನಂತರ ಒಪ್ಪಬೇಡಿ. ಏನು ತಪ್ಪಿದೆ ಎಂಬುದನ್ನು ನೀವೇ ಬಹಳಮಟ್ಟಿಗೆ ಪತ್ತೆಹಚ್ಚಬಹುದು. ದೂರದ್ದು ಮಸುಕಾಗಿದ್ದು ಗಲ್ಲ ಇಳಿಸಿದಾಗ ಸ್ಪಷ್ಟವಾದರೆ ಲೆನ್ಸ್ ಮೇಲಕ್ಕೆ ಕೂತಿದೆ ಎಂದರ್ಥ. ಓದಲು ಗಲ್ಲವನ್ನು ಬಹಳ ಎತ್ತಬೇಕಾದರೆ ಕೆಳಕ್ಕೆ ಕೂತಿದೆ, ಇಲ್ಲವೇ ಫ್ರೇಮ್ ಮೂಗಿನ ಮೇಲಿಂದ ಜಾರುತ್ತಿದೆ. ಪುಸ್ತಕವನ್ನು ಒಂದು ಪಕ್ಕಕ್ಕೆ ಸರಿಸಿದರೆ ಮಾತ್ರ ಓದಲು ಬಂದರೆ ಪಾಪೆಗಳ ಅಡ್ಡ ಅಳತೆ ತಪ್ಪಿರಬೇಕು ಅಥವಾ ಫ್ರೇಮ್ ಸೊಟ್ಟಗಿರಬೇಕು. ಒಂದೊಂದೇ ಕಣ್ಣು ಮುಚ್ಚಿ ನೋಡಿದರೆ ಯಾವ ಕಡೆಯದೆಂದು ತಿಳಿಯುತ್ತದೆ. ಮುಖವನ್ನು ಹೇಗೆ ಹಿಡಿದರೂ ಸ್ಪಷ್ಟವಾಗದಿದ್ದರೆ ಪವರೇ ತಪ್ಪಿರಬಹುದು. ಮೊದಲ ಎರಡು ಬಗೆಯ ತೊಂದರೆಗಳು ಎಷ್ಟೋ ಸಲ ಮೂಗಿನ ಪ್ಯಾಡುಗಳನ್ನು ಹೊಂದಿಸುವುದರಿಂದಲೇ ಸರಿಹೋಗುತ್ತವೆ: ಅಗಲಿಸಿದರೆ ಕನ್ನಡಕ ಇಳಿಯುತ್ತದೆ, ಹತ್ತಿರ ತಂದರೆ ಏರುತ್ತದೆ. ಫ್ರೇಮಿನ ಕೆಳ ಅಂಚನ್ನು ಕೆನ್ನೆಯ ಕಡೆಗೆ ತುಸು ಬಾಗಿಸಿದರೆ ಓದುವ ಜಾಗ ಅಗಲವಾದಂತೆ ಆಗುತ್ತದೆ. ಇದನ್ನು ಮನೆಯಲ್ಲಿ ಮಾಡದೆ ಅಂಗಡಿಯವರಿಂದ ಮಾಡಿಸಿ.

ಎಲ್ಲ ಅಳತೆ ಸರಿಯಿದ್ದೂ ಹೊಂದದವರು ಇರುತ್ತಾರೆ. ಎರಡು ಕಣ್ಣುಗಳ ಪವರಿನಲ್ಲಿ ಬಹಳ ಅಂತರವಿರುವವರು, ಸಿಲಿಂಡರ್ ಪವರ್ (ಕಣ್ಣಿನ ಬಾಗು ಎಲ್ಲ ದಿಕ್ಕಿನಲ್ಲಿಯೂ ಸಮವಾಗಿಲ್ಲದವರಿಗೆ ಕೊಡುವ ಪವರ್) ಹೆಚ್ಚಿರುವವರು, ತಲೆಸುತ್ತುವ ಕಾಯಿಲೆ ಇರುವವರು, ಬೈಫೋಕಲ್ಲಿಗೆ ವರ್ಷಾನುಗಟ್ಟಲೆ ಒಗ್ಗಿಹೋದವರು ಇವರಲ್ಲಿ ಹೆಚ್ಚು. ಇವರು ಬೈಫೋಕಲ್ಲಿಗೋ ಎರಡು ಕನ್ನಡಕಗಳಿಗೋ ಮರಳುವುದು ಸಂಪೂರ್ಣ ಸರಿಯಾದ ನಿರ್ಧಾರ. ಆದರೆ ಒಂದೇ ವಸ್ತು ಎರಡಾಗಿ ಕಾಣುವುದು, ಒಂದು ಕಣ್ಣಿನಲ್ಲಿ ಪರದೆ ಬಿದ್ದಂತಾಗುವುದು, ಮಿಂಚು ಹೊಡೆದಂತೆ ಕಾಣುವುದು, ಕಣ್ಣು ಕೆಂಪಾಗಿ ನೋಯುವುದು ಇವುಗಳಿಗೂ ಕನ್ನಡಕಕ್ಕೂ ಗಂಟುಹಾಕಬೇಡಿ. ಅಂಗಡಿಯನ್ನು ಬಿಟ್ಟು ಅಂದೇ ಕಣ್ಣಿನ ಡಾಕ್ಟರರ ಬಳಿಗೆ ಹೋಗಿ.

ಇನ್ನು ಜೋಪಾನದ ಮಾತು. ಮಳೆಯ ಹನಿ ಲೆನ್ಸಿನ ಕಿರಿದಾದ ನಡುದಾರಿಯ ಮೇಲೆ ಕೂತರೆ ಹತ್ತಿರದ ನೋಟವೇ ಹೋಗುತ್ತದೆ, ಹಾಗಾಗಿ ಮುಂಚಾಚು ಇರುವ ಟೋಪಿಯೊಂದು ಕೊಡೆಯ ಜೊತೆಗೆ ಇರಲಿ. ಪಂಚೆಯ ಅಂಚಿನಿಂದ, ಸೆರಗಿನಿಂದ ಒರೆಸುವುದನ್ನು ಬಿಡಬೇಕು. ಮೊದಲು ನೀರಿನಲ್ಲಿ ಧೂಳು ತೊಳೆದು, ಆಮೇಲೆ ಕನ್ನಡಕದ ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ಪ್ಲಾಸ್ಟಿಕ್ ಲೆನ್ಸಿನ ಮೇಲಿನ ಲೇಪನ ಬಿಸಿಗೆ ಸೂಕ್ಷ್ಮವಾಗಿ ಬಿರುಕು ಬಿಡುತ್ತದೆ. ಆದ್ದರಿಂದ ಅಡಿಕೆ ಬೇಯಿಸುವ ಹಂಡೆಯ ಮೇಲೆ ಬಾಗುವಾಗ ಇದನ್ನು ತೆಗೆದಿಡಿ, ಬಿಸಿಲಲ್ಲಿ ನಿಂತ ಕಾರಿನೊಳಗೂ ಬಿಡಬೇಡಿ. ಫ್ರೇಮ್ ಸಡಿಲವಾಗಿ ಒಂದೆರಡು ಮಿಲಿಮೀಟರ್ ಜಾರಿದರೂ ಎಲ್ಲ ಅಳತೆ ಕೆಡುವುದರಿಂದ ಆರು ತಿಂಗಳಿಗೊಮ್ಮೆ ಪೇಟೆಗೆ ಹೋದಾಗ ಸ್ಕ್ರೂ ಬಿಗಿಸಿ, ಕಡ್ಡಿ ಸರಿಮಾಡಿಸಿ ಬನ್ನಿ. ಅರವತ್ತರವರೆಗೆ ಆಡ್ ಏರುತ್ತಲೇ ಇರುತ್ತದೆ, ಎರಡು ವರ್ಷಕ್ಕೊಮ್ಮೆ ಕಣ್ಣು ತೋರಿಸಬೇಕು. ಸಕ್ಕರೆ ಕಾಯಿಲೆ ಇದ್ದವರು ವರ್ಷಕ್ಕೊಮ್ಮೆ ಕಣ್ಣಿನ ಹಿಂಭಾಗದ ಪರೀಕ್ಷೆಯನ್ನೂ ಮಾಡಿಸಬೇಕು. ಹೊಸ ಲೆನ್ಸ್ ಮಾಡಿಸುವಾಗ ಹಿಂದಿನ ಅಳತೆಯ ಚೀಟಿಯನ್ನೂ, ಹೊಂದಿಕೊಂಡಿದ್ದ ಹಳೆಯ ಕನ್ನಡಕವನ್ನೂ ಅಂಗಡಿಗೆ ಒಯ್ದು, ಅದೇ ವಿನ್ಯಾಸದ ಲೆನ್ಸನ್ನೇ ಕೇಳಿದರೆ ಮತ್ತೆ ಅಭ್ಯಾಸ ಮಾಡುವ ದಿನಗಳು ಕಡಿಮೆಯಾಗುತ್ತವೆ.